ಡಂಪಿನಲ್ಲಿ ಶರೊನಳ ಹೆಸರು

ಮಣ್ಣಗುಡ್ಡದ ಹಲ್ಲಿನ ಡಾಕ್ಟರಲ್ಲಿ ಕೆನ್ನೆ ಹಿಡಿದು ಕೂತಿದ್ದ ಎವ್ಲಿನ್ ಟೀಚರಿಗೆ ಪಕ್ಕದ ಬೆಂಚಿನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ವಿಭವ, ಭಾರ್ಗವಿ ಎಂದು ಕೊರಳ ಕಾರ್ಡುಗಳಲ್ಲಿತ್ತು. ಇಬ್ಬರೂ ಒಂದೇ ಸಾಫ್ಟ್‌ವೇರ್ ಆಫೀಸಿನವರು.

“ಮೇನ್‌ಫ್ರೇಮಿನ ಹಳೇ ಅಸೆಂಬ್ಲರ್ ಪ್ರೋಗ್ರಾಮ್ ಮಾರಾಯ್ತಿ,” ಎಂದ ವಿಭವ. “ಯಾವ ಪ್ರೋಗ್ರಾಮ್ ಅದನ್ನು ಕಾಲ್ ಮಾಡಿ ಕರೆದದ್ದು ಅಂತ ಅಡ್ರೆಸ್ ಇಡುವ ಜಾಗ ಉಂಟಲ್ಲ, ಅದರ ಮೇಲೆಯೇ ಬೇರೆ ಎಂತದೋ ಬರೆದಿದ್ದಾರೆ. ಕೆಲಸ ಮುಗಿಸಿ ಕರೆದವರ ಹತ್ತಿರ ಹಿಂದೆ ಹೋಗುವಾಗ ಅದು ಯಾರದ್ದೋ ಮನೆಗೆ ನುಗ್ತದೆ.”

“ನುಗ್ಗಿದ್ದು ನಿಮ್ಮ ಟೀಮಿನ ಶರೊನಳ ಪ್ರೋಗ್ರಾಮಿಗಾ?”

“ಹೌದು. ಅಲ್ಲಿಯೇ ಬಿದ್ದು ಸತ್ತಿತು. ಸತ್ತ ಹೊತ್ತಿನ ಮೆಮರಿಯೆಲ್ಲ ಇರುವ ಡಂಪ್ ತೆಗೆದು ನೋಡಿದ್ರೆ ಅವಳದ್ದೇ ಹೆಸರು.”

“ಅವಳು ಆ ಹಳೇ ಪ್ರೋಗ್ರಾಮನ್ನು ಕಾಲ್ ಮಾಡಲೇ ಇಲ್ಲವಲ್ಲ!”

“ಅವಳೂ ಅತ್ತು ಅದನ್ನೇ ಹೇಳಿದ್ಳು. ನಮ್ಮ ಮ್ಯಾನೇಜರ್ ಸರ್ ಎಲ್ಲರ ಎದುರು ಬೈದು ಟೀಮಿನಿಂದ ತೆಗೆದ್ರು.”

“ಆ ಜಾಗದಲ್ಲಿ ಬರೆದದ್ದು ಯಾರಂತೆ?”

“ಸರ್.”

“ಥೂ! ನೀನು ಅವರಿಗೆ ಹೇಳಿದ್ಯಾ?”

“ಹೇಳಿದೆ. ಸದ್ದಿಲ್ಲದೆ ಸರಿ ಮಾಡು, ಡಂಪ್ ಡಿಲೀಟ್ ಮಾಡು ಅಂದ್ರು. ಹೇಗೂ ಅವಳು ಹೋಗಿ ಆಯ್ತಲ್ಲ ಅಂತ.”

“ನೀನು ಎಂತ ಮಾಡಿದೆ?”

“ಸರಿ ಮಾಡಿದೆ.”

“ಮತ್ತೆ ಡಂಪ್?”

“ಡಿಲೀಟ್ ಮಾಡಿದೆ,” ಎಂದ ವಿಭವ ಫ್ಯಾನ್ ನೋಡುತ್ತ. ಎವ್ಲಿನ್ ಟೀಚರ್ ಅವನ ಮೊಣಕಾಲಿಗೆ ತಾಗುತ್ತಿದ್ದ ಸೆರಗನ್ನು ಎಳೆದುಕೊಂಡರು. ಒಳಗಿನಿಂದ ನರ್ಸ್ ಅವನ ಹೆಸರು ಕೂಗಿದಳು.

“ಹೆಲ್ಮೆಟ್ ಹಿಡಿ, ಈಗ ಬಂದೆ,” ಎಂದು ಅವನು ಎದ್ದ.

ಭಾರ್ಗವಿ ಹಿಡಿಯಲಿಲ್ಲ. ಇಬ್ಬರೂ ಬಂದಿದ್ದ ತನ್ನ ಸ್ಕೂಟರಿನ ಕೀ ತೆಗೆದುಕೊಂಡು ತಾನೂ ಎದ್ದಳು.

“ನಿನಗೆ ಹಿಂದೆ ಹೋಗುವ ದಾರಿ ನೆನಪುಂಟಲ್ಲ,” ಎಂದಳು. “ಬಸ್ಸಲ್ಲಿ ಹೋಗು.”