ಕೂಸಿಗೆ ಹಾಲು ಕೊಟ್ಟವಳು

ನಗೋದಾದ್ರೆ ಈಗಲೇ ನಕ್ಕುಬಿಡಿ. ಇದು ಎಲ್ಲೋ ಕೇಳಿದ ಕತೆ ಅಲ್ಲ. ನಮ್ಮ ದೊಡ್ಡಮ್ಮನ ಮಗಳಿಗೆ, ನಮ್ಮಕ್ಕನಿಗೆ ಆದದ್ದು. ಅವಳ ಬಾಯಿಂದಲೂ ಕೇಳಿದ್ದೀನಿ, ಅವಳ ಅತ್ತೆ ಬಾಯಿಂದಲೂ ಕೇಳಿದ್ದೀನಿ. ಆ ಅತ್ತೆ ಸೊಸೆ ಒಟ್ಟಿಗಿದ್ದಷ್ಟು ಕಾಲ ಒಂದು ವಿಷಯಕ್ಕೂ ಒಂದೇ ಮಾತು ಹೇಳಿದವರಲ್ಲ. ಇದೊಂದರಲ್ಲಿ ಮಾತ್ರ ಒಂದಕ್ಷರ ಆಚೀಚೆ ಆಗಲಿಲ್ಲ.

ಆ ರಾತ್ರಿ ಅಕ್ಕ ಅರಮನೆಯ ಹಿಂಬಾಗಿಲಿಂದ ಹೊರಬಿದ್ದಾಗ ಬೀದಿಯಲ್ಲಿ ನರಪಿಳ್ಳೆ ಇರಲಿಲ್ಲ. ಬಾಗಿಲು ದಾಟಿದ್ರೆ ಹಾಳುಬಾವಿ. ಅದನ್ನ ಬಳಸಿ ಹೋದ್ರೆ ಓಣಿ, ಓಣಿ ತುದಿಗೆ ಅವಳ ಮನೆ. ಬಿರಬಿರನೆ ನಡೀತಿದ್ದಳು. ಯಾಕೆ ಅಂತ ಹೇಳ್ತೀನಿ, ತಾಳಿ.

ಅದು ಹೆಸರಿಗೆ ಅರಮನೆ. ಮುಂದಿನ ಅರ್ಧಕ್ಕೆ ಟಿಕೆಟ್ ಇಟ್ಟಿದ್ರು. ಜನ ಬಂದು ಕತ್ತಿ, ಪಲ್ಲಕ್ಕಿ, ಸೋರೋ ಚಾವಣಿ ಎಲ್ಲ ನೋಡಿಕೊಂಡು ಹೋಗ್ತಿದ್ರು. ಹಿಂದಿನ ಅರ್ಧದಲ್ಲಿ ರಾಜಮನೆತನದವರು ಇನ್ನೂ ವಾಸವಾಗಿದ್ರು. ರಾಜ್ಯ ಹೋಗಿ ಯಾವ ಕಾಲ ಆಗಿತ್ತೋ, ಗತ್ತು ಮಾತ್ರ ಹೋಗಿರಲಿಲ್ಲ. ಆ ಮನೆಯ ಸೊಸೆಗೆ ಎಲ್ಲರೂ ಸಣ್ಣಮ್ಮನವರು ಅಂತಿದ್ರು. ಅವರ ಗಂಡುಮಗು ನೋಡಿಕೊಳ್ಳೋ ಆಯಾ ಕೆಲಸ ಅಕ್ಕನದು. ಅಕ್ಕನಿಗೂ ಆಗ ಮೊಲೆ ಕುಡಿಯೋ ಹೆಣ್ಣುಕೂಸು. ಗಂಡ ಲಾರಿ ಹತ್ತಿದ್ರೆ ವಾರಗಟ್ಟಲೆ ಪತ್ತೆ ಇಲ್ಲ. ಕಣ್ಣು ಮಂಜಾದ ಅತ್ತೆ ಮಡಿಲಿಗೆ ತನ್ನ ಕೂಸು ಹಾಕಿ, ಇವಳು ಬಂದು ಊರವರ ಕೂಸು ಆಡಿಸಬೇಕು.

ಹಜಾರದಲ್ಲಿ ಒಂದು ಹಳೇ ಫೋಟೋ. ಸಣ್ಣಮ್ಮನವರ ಗಂಡನ ಮುತ್ತಜ್ಜ ಹಸುಗೂಸಾಗಿದ್ದಾಗ ತೆಗೆದದ್ದು. ತಲೆಗೆ ಕಿರೀಟ, ಕೊರಳಿಗೆ ಮುತ್ತು, ಕೆಳಗೆ ಮಖಮಲ್ಲು ಹೊದಿಸಿದ ಎತ್ತರದ ಕುರ್ಚಿ. ಗೈಡು ದಿನಾ ಗಂಟಲು ಹರ್ಕೊಳ್ತಿದ್ದ: "ತೊಟ್ಟಿಲಿಂದ ನೇರ ಸಿಂಹಾಸನಕ್ಕೆ ಏರಿದ ಪ್ರಭುಗಳು!"

ಅಡುಗೆಯ ಮುದುಕಿ ಒಂದು ಮಧ್ಯಾಹ್ನ ಅಕ್ಕನ್ನ ಅದರ ಮುಂದೆ ನಿಲ್ಲಿಸಿ ಪಿಸುಗುಟ್ಟಿದಳು. "ಅದು ಕುರ್ಚಿ ಅಲ್ಲ ಕಣೇ. ಸರಿಯಾಗಿ ನೋಡು."

ನೋಡಿದಳು. ಮಖಮಲ್ಲಿನ ಅಂಚಲ್ಲಿ, ಕೂಸಿನ ಸೊಂಟದ ಹತ್ತಿರ... ಬೆರಳು. ಹೆಂಗಸಿನ ಬೆರಳು.

"ಹಾಲು ಕೊಡೋಕೆ ಓಣಿಯಿಂದ ಕರಕೊಂಡು ಬಂದಿದ್ರಂತೆ. ಅವಳ ತೊಡೆ ಬಿಟ್ಟು ಬೇರೆ ಎಲ್ಲಿ ಕೂರಿಸಿದ್ರೂ ರಾಜಕುಮಾರ ಅಳೋನಂತೆ. ಅದಕ್ಕೆ ಅವಳ ತಲೆ ಮೇಲಿಂದ ಬಟ್ಟೆ ಎಳೆದು ಫೋಟೋ ಹೊಡೆದ್ರು."

"ಅವಳ ಸ್ವಂತ ಕೂಸು?"

ಮುದುಕಿ ಅತ್ತಿತ್ತ ನೋಡಿದಳು. "ಹಾಲು ಹಂಚಿಹೋಗಬಾರದು ಅಂತ ಅವಳನ್ನ ಹೊರಗೇ ಬಿಡಲಿಲ್ಲ. 'ನನ್ನ ಕೂಸು ಹೇಗಿದೆ' ಅಂತ ದಿನಾ ಬಾಗಿಲ ಕಾವಲಿನವನ್ನ ಕೇಳೋಳು. 'ಮಲಗಿದೆ' ಅನ್ನೋನು. ನಿನ್ನೆ ಕೇಳಿದ್ರೂ ಮಲಗಿದೆ, ಇವತ್ತು ಕೇಳಿದ್ರೂ ಮಲಗಿದೆ... ಅದು ಸತ್ತು ಮಣ್ಣಾಗಿತ್ತು. ನಿಜ ಹೇಳಿದ್ರೆ ದುಃಖಕ್ಕೆ ಹಾಲು ಬತ್ತುತ್ತೆ ಅಂತ ಹೇಳಲಿಲ್ಲ. ರಾಜಕುಮಾರ ಹಾಲು ಬಿಟ್ಟ ಮೇಲೆ ಒಂದು ಸೀರೆ ಕೊಟ್ಟು ಕಳಿಸಿದ್ರು. ಮನೆಗೆ ಹೋದಳು, ನೋಡಿದಳು. ವಾಪಸ್ ಬಂದು ಹಿಂಬಾಗಿಲ ಬಾವಿಗೆ ಬಿದ್ದಳು."

ಗೈಡು ಹೇಳೋ ಚರಿತ್ರೆಯಲ್ಲಿ ಇದಿಲ್ಲ. ಆ ಬಾವಿ ನೀರನ್ನ ಮಾತ್ರ ಅಂದಿನಿಂದ ಯಾರೂ ಮುಟ್ಟಲಿಲ್ಲ.

ಈಗ ಆ ರಾತ್ರಿಗೆ ಬರ್ತೀನಿ.

ಅರಮನೆಗೆ ನೆಂಟರು ಬಂದಿದ್ರು. ಕೂಸು ಬಾಟಲಿ ಒದ್ದು ಸೂರು ಹಾರೋ ಹಾಗೆ ಅಳ್ತಿತ್ತು. ಸಣ್ಣಮ್ಮನವರು ಒಳಗೆ ಬಂದ್ರು. "ನಿನಗೆ ಹಾಲಿದೆಯಲ್ಲ? ಕೊಡು."

"ಅಮ್ಮಾ... ಮನೇಲಿ ನನ್ನ ಮಗು ಹಸಿದಿರುತ್ತೆ."

"ಅದೇನು ಎದ್ದು ಓಡಿಹೋಗುತ್ತಾ? ಬಾಗಿಲು ಹಾಕ್ಕೋ. ನೆಂಟರಿಗೆ ಗೊತ್ತಾಗೋದು ಬೇಡ."

ಆಗಲ್ಲ ಅನ್ನಬೇಕಿತ್ತು ಅಂತೀರಿ. ಹಂಗಿನ ಅನ್ನ ಉಂಡವರಿಗೆ ಆ ಮಾತು ಬಾಯಿಗೆ ಬರಲ್ಲ. ಅಲ್ಲದೆ, ಅತ್ತದ್ದೂ ಕೂಸೇ ತಾನೆ. ಕೊಟ್ಟಳು. ಎರಡೂ ಕಡೆ ಬರಿದಾಗೋವರೆಗೂ ಕುಡೀತು. ಕೆಳಗಿಳಿಸಿದ್ರೆ ಕಿರುಚೋದು. ಹಾಗೇ ತೊಡೆ ಮೇಲೆ ಇಟ್ಕೊಂಡು ಕೂತಳು, ಹೊತ್ತು ಹೋದದ್ದೇ ಗೊತ್ತಾಗಲಿಲ್ಲ.

ಆ ಬರಿದಾದ ಎದೆ ಹೊತ್ಕೊಂಡೇ ಅವಳು ಓಡ್ತಿದ್ದದ್ದು.

ಬಾವಿ ಹತ್ತಿರ ಬಂದಾಗ... ಕಿರ್ರ್... ಕಿರ್ರ್...

ರಾಟೆ ತಿರುಗೋ ಸದ್ದು. ಆ ಬಾವಿಗೆ ಹಗ್ಗ ಇಲ್ಲ. ರಾಟೆ ತುಕ್ಕು ಹಿಡಿದು ಎಷ್ಟು ಕಾಲವಾಯ್ತೋ. ಅಕ್ಕ ತಲೆ ಎತ್ತಲಿಲ್ಲ. ಸದ್ದು ನಿಂತಿತು.

ಆಮೇಲೆ ಎದುರಿಂದ ಚರ್... ಚರ್... ಬರಿಗಾಲು ಮರಳ ಮೇಲೆ ಎಳೆದ ಹಾಗೆ. ಬಾವಿ ಕಡೆಯಿಂದ ಅಲ್ಲ. ಓಣಿ ಕಡೆಯಿಂದ. ಅವಳ ಮನೆ ಕಡೆಯಿಂದ.

ಒಬ್ಬ ಹೆಂಗಸು. ಎದೆ ಮೇಲೆ ಸೆರಗು ಸರಿಮಾಡಿಕೊಳ್ತಾ ಬರ್ತಿದ್ದಳು. ಪಕ್ಕಕ್ಕೆ ಬಂದಾಗ ಬೆಚ್ಚನೆ ಹಾಲಿನ ವಾಸನೆ. ಮುಖ ಕಾಣಲಿಲ್ಲ.

"ಮಲಗಿದೆ," ಅಂದಳು, ಉಸಿರಲ್ಲೇ. "ಮೆಲ್ಲಗೆ ಹೋಗು."

"ಯಾರು... ಯಾರು ನೀವು?"

ಚರ್ ಚರ್ ಅನ್ನೋದು ಹಿಂದಕ್ಕೆ ಹೋಯ್ತು. ಆಮೇಲೆ ಬಾವಿಯಲ್ಲಿ... ಗುಳುಂ. ಕಲ್ಲು ಬಿದ್ದ ಹಾಗಲ್ಲ. ತುಂಬಿದ ಕೊಡ ಮುಳುಗೋವಾಗ ಬರುತ್ತಲ್ಲ, ಹಾಗೆ.

ಅಕ್ಕ ಹೇಗೆ ಮನೆ ಸೇರಿದಳೋ ಅವಳಿಗೇ ನೆನಪಿಲ್ಲ. ಬಾಗಿಲು ತಳ್ಳಿದ್ರೆ ಅತ್ತೆ ಗೊಣಗಿದ್ರು. "ಮತ್ತೇನೇ ಮರೆತು ಬಂದೆ?"

"ನಾನು ಈಗ ತಾನೇ ಬರ್ತಾ ಇದ್ದೀನಿ ಅತ್ತೆ."

"ಸುಮ್ನಿರು! ಆಗಲೇ ಬಂದು ಹಾಲು ಕೊಟ್ಟು ಹೋಗಲಿಲ್ವಾ? ಮಾತಾಡಿಸಿದ್ರೆ ಹ್ಞೂಂ ಇಲ್ಲ, ಉಹೂಂ ಇಲ್ಲ. ಅರಮನೆ ಗತ್ತು ನಿನಗೂ ಅಂಟಿತು ಅಂದ್ಕೊಂಡೆ."

ಕೂಸು ಮಲಗಿತ್ತು. ಕಟಬಾಯಲ್ಲಿ ಹಾಲು ಇನ್ನೂ ಹಸಿಯಾಗಿತ್ತು.

ಅಕ್ಕ ಮತ್ತೆ ಅರಮನೆ ಮೆಟ್ಟಿಲು ತುಳಿಯಲಿಲ್ಲ. ಯಾರೂ ಕರೆಯೋಕೂ ಬರಲಿಲ್ಲ. ಸಣ್ಣಮ್ಮನವರಿಗೆ ಇನ್ನೊಬ್ಬಳು ಸಿಕ್ಕಿದ್ದಳಂತೆ, ಅವಳೂ ಬಾಣಂತಿಯೇ. ಅಂಥವರಿಗೆ ಬರವೇ?

ಇತ್ತ ಕೂಸು ಅಕ್ಕನ ಎದೆಗೆ ಬಾಯಿ ಹಾಕಲಿಲ್ಲ. ಮುಖ ತಿರುಗಿಸಿಬಿಡೋದು. ಬಾಟಲಿ ಇಟ್ರೆ ಉಗುಳೋದು. ಕುಡಿಯೋರಿಲ್ಲದೆ ಅಕ್ಕನ ಹಾಲು ಬತ್ತಿಹೋಯ್ತು. ಬಾಗಿಲಿಗೆ ಅಗುಳಿ ಜಡಿದು, ಕೂಸನ್ನ ತೋಳಲ್ಲಿ ಬಿಗಿಯಾಗಿ ಹಿಡ್ಕೊಂಡು ಮಲಗೋಳು. ಕಣ್ಣು ಅಂಟಿದ್ದೇ ತಡ... ಚಪ್... ಚಪ್... ಚಪ್... ಕೂಸು ಹಾಲು ಹೀರೋ ಸದ್ದು. ದೀಪ ಹಾಕಿದ್ರೆ ಯಾರೂ ಇಲ್ಲ.

"ಅಗುಳಿ ತೆಗೆದುಬಿಡೇ," ಅಂದ್ರಂತೆ ಅತ್ತೆ ಒಂದು ರಾತ್ರಿ. "ಯಾರೋ ಒಬ್ಬಳು ಕೊಡ್ತಿದ್ದಾಳಲ್ಲ. ಅವಳಿಗೂ ಕೊಡೋಕೆ ಒಂದು ಕೂಸು ಬೇಡವಾ?"

"ಇದು ನನ್ನ ಕೂಸು, ಅತ್ತೆ!"

"ಅವಳದ್ದೂ ಅವಳದ್ದೇ ಆಗಿತ್ತು."

ಅಕ್ಕ ಗೋಡೆ ಕಡೆ ತಿರುಗಿ ಬಾಯಿಗೆ ಬಟ್ಟೆ ತುರುಕಿಕೊಂಡು ಅತ್ತಳಂತೆ. ದೆವ್ವಕ್ಕೆ ಹೆದರಿ ಅಲ್ಲ. ತನ್ನ ಕೂಸಿಗೆ ತಾನು ಬೇಡವಾದೆನಲ್ಲ ಅಂತ.

ಕೂಸು ಎಲ್ಲಿ ಸೊರಗಿಹೋಗುತ್ತೋ ಅಂತ ಜೀವ ಕೈಯಲ್ಲಿ ಹಿಡ್ಕೊಂಡು ಆಸ್ಪತ್ರೆಗೆ ಎತ್ಕೊಂಡು ಹೋದಳು. ಜೊತೆಗೆ ನಾನೇ ಹೋಗಿದ್ದೆ. ಕೇಳಿಸ್ತಾ? ನಾನೇ. ನರ್ಸಮ್ಮ ಕೂಸನ್ನ ತಕ್ಕಡಿ ಮೇಲೆ ಮಲಗಿಸಿ ಮುಳ್ಳು ನೋಡಿದ್ರು. ಸರಿ ಇಲ್ಲ ಅನ್ನಿಸಿತೇನೋ, ಎತ್ತಿ ಮತ್ತೆ ಮಲಗಿಸಿದ್ರು.

"ಭೇಷ್! ಎಷ್ಟು ಚೆನ್ನಾಗಿ ಮೈ ತುಂಬಿಕೊಂಡಿದೆ. ಎದೆಹಾಲೇ ತಾನೆ?"

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ "ಹ್ಞೂಂ" ಅಂದಳು.

"ಹೀಗೇ ಕೊಡ್ತಾ ಇರು. ನಿಲ್ಲಿಸಬೇಡ," ಅಂತ ಹೇಳಿ ನರ್ಸಮ್ಮ ಮುಂದಿನವರನ್ನ ಕರೆದ್ರು.

ನಂಬೋದು ಬಿಡೋದು ನಿಮಗೆ ಬಿಟ್ಟದ್ದು. ಆ ಮುಳ್ಳು ನಿಂತ ಜಾಗ ನಾನು ಕಣ್ಣಾರೆ ನೋಡಿದ್ದೀನಿ.