ಭಂಡಾರ ಹಚ್ಚಿದ ಕೇಬಲ್ಲು

ಅಧ್ಯಕ್ಷರ ಕುರ್ಚಿಯಲ್ಲಿರುವ ಬೀರದೇವರ ಪೂಜಾರಿ ಕಾಳಪ್ಪಜ್ಜನವರೇ, ಗಣಿಯ ಇಂಜಿನಿಯರ್ ಸಾಹೇಬರೇ, ಪಕ್ಕದ ಮಸೂತಿ ಊರಿನಿಂದ ನಡೆದುಬಂದ ಹಿರಿಯರೇ, ಹಿಂದೆ ಚಾಪೆಯ ಮೇಲಿರುವ ಅವ್ವಂದಿರೇ, ಸಭಿಕರೇ,

ಸಾವಿರದ ಒಂಬೈನೂರ ಎಪ್ಪತ್ತನಾಲ್ಕರ ಈ ಆಯುಧಪೂಜೆಗೆ ನಮ್ಮ ಕಲ್ಲುಗಣಿಯ ಎಲೆಕ್ಟ್ರಿಕ್ ಶಾವೆಲ್ ಕುರಿತು ಮಾತಾಡು ಎಂದಿದ್ದಾರೆ. ನಾನು ಇಂಜಿನಿಯರಿಂಗ್ ಮೊದಲನೇ ವರ್ಷದ ಹುಡುಗ. ಬಾಲ್ಯವೆಲ್ಲ ಹಾಸ್ಟೆಲಿನಲ್ಲಿ ಕಳೆದವನು. ಭಾಷಣವನ್ನು ಇಂಗ್ಲಿಷಿನಲ್ಲೇ ತಯಾರು ಮಾಡಿದ್ದೆ. ಇಲ್ಲಿ ನಿಂತ ಮೇಲೆ ಅದರಲ್ಲಿ ಲೇಡೀಸ್ ಅಂಡ್ ಜಂಟಲ್‌ಮೆನ್ ಬಿಟ್ಟು ಏನೂ ನೆನಪಾಗುತ್ತಿಲ್ಲ. ಕ್ಷಮಿಸಿರಿ.

ಈ ಶಾವೆಲ್ ಎಂದರೇನು? ಬಂಡೆ ಬಾಚಿ ಲಾರಿಗೆ ತುಂಬುವ ಯಂತ್ರ. ಇದಕ್ಕೆ ಡೀಸೆಲ್ ಬೇಡ. ಬಕೆಟ್ ಎತ್ತಲು ಒಂದು ಮೋಟರು, ಸೊಂಟ ತಿರುಗಿಸಲು ಒಂದು, ನಡೆಯಲು ಒಂದು. ಎಲ್ಲಕ್ಕೂ ಕರೆಂಟು ಬರುವುದು ಹಿಂದಿನ ದಪ್ಪ ಕೇಬಲ್ಲಿನಿಂದ. ನೀವು ಬಾಲ ಎನ್ನುತ್ತೀರಿ. ಯಂತ್ರ ಸರಿದಂತೆ ಬಾಲವನ್ನೂ ಎತ್ತಿ ಸರಿಸಬೇಕು. ಆಗ ಕರೆಂಟು ಬಂದ್ ಮಾಡಿದರೆ ಯಂತ್ರವೇ ನಡೆಯುವುದಿಲ್ಲ; ಕರೆಂಟು ಹರಿಯುತ್ತಿರುವಾಗಲೇ ಎತ್ತಬೇಕು. ಎತ್ತುವವರು ಯಾರು? ನಮ್ಮ ಹೆಣ್ಣುಮಕ್ಕಳು. ಅವರಲ್ಲಿ ನನ್ನ ಅವ್ವ ಹುಚ್ಚವ್ವನೂ ಒಬ್ಬಳು.

ಕರೆಂಟು ಹೊಡೆಯದಿರಲೆಂದು ಅವರಿಗೆ ಸಾಹೇಬರು ರಬ್ಬರ್ ಬೂಟು ಕೊಟ್ಟಿದ್ದಾರೆ. ಆದರೆ ಹೋದ ವರ್ಷ ಇದೇ ಪೂಜೆಯಲ್ಲಿ ಅಜ್ಜನವರು ಬಾಲಕ್ಕೆ ಬೀರದೇವರ ಭಂಡಾರದ ಅರಿಷಿಣ ಹಚ್ಚಿದರು. ಅಂದಿನಿಂದ ಅವರೆಲ್ಲ ಬೂಟು ಕಳಚಿಟ್ಟೇ ಬಾಲ ಮುಟ್ಟುತ್ತಾರೆ.

ರಜೆಯೆಲ್ಲ ಅವ್ವನೊಡನೆ ವಾದಿಸಿ ದಣಿದಿದ್ದೇನೆ.

"ದೇವರನ್ನ ಮುಟ್ಟೂ ಮುಂದ ಕಾಲಾಗ ಕೆರ ಇರಬೇಕೇನೋ? ಇದನ್ನ ಕಲಿಸ್ಯಾರೇನು ಹಾಸ್ಟೆಲ್‌ನಾಗ?"

"ಯವ್ವಾ, ಅದು ದೇವರಲ್ಲ, ಕರೆಂಟು."

"ಎರಡೂ ಕಣ್ಣಿಗೆ ಕಾಣಂಗಿಲ್ಲ. ನೀ ಯಾವುದನ್ನ ನೋಡೀದಿ?"



ನಗಬೇಡಿರಿ. ಕಲ್ಲಿಗೆ ಉಜ್ಜಿ ಕೇಬಲ್ಲಿನ ಮೈ ತರಚುತ್ತದೆ. ಈ ಮಳೆಗಾಲದಲ್ಲಿ ಸಾತವ್ವ ದೊಡ್ಡವ್ವ ಬಾಲ ಹಿಡಿದವಳೇ ಗಡಗಡ ನಡುಗಿ ಬಿದ್ದಳು. "ಸಾತವ್ವನ ಮೈಯಾಗ ದೇವರು ಬಂತು!" ಎಂದು ಎಲ್ಲರೂ ಕಾಲಿಗೆ ಬಿದ್ದಿರಿ, ಕಾಯಿ ಒಡೆದಿರಿ. ಅದು ದೇವರಲ್ಲ. ಅವಳು ಉಳಿದದ್ದು ಪುಣ್ಯ. ಈಗ ಅವ್ವ ನನ್ನ ಮುಂದೆ ಏನೆನ್ನುತ್ತಾಳೆ ಗೊತ್ತೇ? "ಸಾತವ್ವಗ ಬಂದ ದೇವರು ನನಗ ಯಾವಾಗ ಬರ್ತಾನೋ!"

ಇದನ್ನು ಕೇಳಿಕೊಂಡು ನಾನು ಕಾಲೇಜಿಗೆ ಹೇಗೆ ಮರಳಲಿ?

ಬೂಟಿಗೂ ಭಂಡಾರ ಹಚ್ಚಿಸೋಣವೆಂದು ಯೋಚಿಸಿದೆ. ಹಚ್ಚಿದರೆ ಬೂಟೂ ದೇವರ ಜಗಲಿ ಏರುತ್ತದೆ! ಇನ್ನು ನನಗೆ ಯಾವ ಉಪಾಯವೂ ಉಳಿದಿಲ್ಲ.

ಕಾಳಪ್ಪಜ್ಜಾ, ನನ್ನ ಮಾತು ಅವರು ಕೇಳುವುದಿಲ್ಲ. ನಿಮ್ಮದು ಕೇಳುತ್ತಾರೆ. ಮಾತೂ ಬೇಡ. ಈಗ ಭಂಡಾರ ಹಚ್ಚಲು ಏಳುತ್ತೀರಲ್ಲ, ಎಲ್ಲರೆದುರು ಬೂಟು ಮೆಟ್ಟಿಯೇ ಬಾಲವನ್ನು ಮುಟ್ಟಿರಿ. ಒಂದು ಜೊತೆ ನಿಮ್ಮ ಕುರ್ಚಿಯ ಪಕ್ಕದಲ್ಲಿ ಇಟ್ಟಿದ್ದೇನೆ. ಹೊಸತರಂತಿವೆ, ಏಕೆಂದರೆ ಅವು ನನ್ನ ಅವ್ವನವು. ಬೀರದೇವರಿಗೆ ಸಿಟ್ಟು ಬಂದರೆ ನನ್ನ ಮೇಲೆ ಬರಲಿ.

ಇಷ್ಟು ಹೊತ್ತು ಸಹಿಸಿಕೊಂಡಿರಿ, ಉಪಕಾರವಾಯಿತು. ಇನ್ನು ನಾನು ಕೂರುತ್ತೇನೆ. ಅಜ್ಜಾ, ನೀವು ಏಳಿರಿ. ನಮಸ್ಕಾರ.