ಎಡೆ ಮುಟ್ಟದ ಕಾಗೆ

೧೯೮೬ರ ಮಹಾಲಯ ಅಮಾವಾಸ್ಯೆಯ ಹಿಂದಿನ ಸಂಜೆ. ನಮ್ಮೂರು ಬೇರಿಕೆಯಲ್ಲಿ ಬಿಟ್ಟೂಬಿಡದ ಮಳೆ. ಹೊಸೂರಿನ ಫ್ಯಾಕ್ಟರಿಯಲ್ಲಿ ನನ್ನ ಜೊತೆ ಕೆಲಸ ಮಾಡುವ ಅಮುದಾಳನ್ನು ರಿಜಿಸ್ಟರ್ ಮದುವೆಯಾಗಿ ಮನೆಗೆ ಕರೆತಂದು ಮೂರು ದಿನವಾಗಿತ್ತು. ಅವಳ ಮಾತು ತಮಿಳು, ಜಾತಿಯೂ ಬೇರೆ. ಅಪ್ಪ ರಾಮಚಂದ್ರಪ್ಪ ಬೈಯಲಿಲ್ಲ. "ನಮ್ಮ ಹಿರೀಕರ ಪದ್ಧತಿ ಒಂದೈತೆ ಗೋಪಿ. ನಾಳೆ ಎಡೆಗೆ ಅವಳೇ ಅನ್ನ ಮಾಡ್ಲಿ. ಕಾಗೆ ಮುಟ್ಟಿದ್ರೆ ಸೊಸೆ, ಮುಟ್ಟದಿದ್ರೆ ಬಸ್ಸು ಹತ್ಲಿ," ಎಂದರು. ಆ ಮೆತ್ತನೆಯ ದನಿಯೇ ನನಗೆ ಅನುಮಾನ ಹುಟ್ಟಿಸಿತು. ಹದಿನಾಲ್ಕು ವರ್ಷದಿಂದ ನಮ್ಮ ಮನೆಯ ಎಡೆಯನ್ನು ಕಾಗೆ ಮುಟ್ಟಿರಲಿಲ್ಲ. ಏಕೆಂದು ಯಾರೂ ಹೇಳಿರಲಿಲ್ಲ.

ಅಜ್ಜಿ ಪಿಳ್ಳಮ್ಮ ನಮ್ಮಿಬ್ಬರನ್ನೂ ಒಲೆಯ ಮುಂದೆ ಕೂರಿಸಿಕೊಂಡಳು.

"ಪದ್ಧತಿಯಂತೆ, ಪದ್ಧತಿ! ನಾನು ಸೊಸೆಯಾಗಿ ಬಂದಾಗ ಯಾವ ಕಾಗೇನ ಕೇಳಿದ್ರಂತೆ? ಕೇಳ್ಲಾ... ನೀನಾಗ ಅಂಚೆಟ್ಟೀಲಿ, ನಿಮ್ಮಮ್ಮನ ತವರಲ್ಲಿದ್ದೆ. ನಿಮ್ಮ ಚಿಕ್ಕಪ್ಪ ಚೆನ್ನಕೇಶವ ಕೃಷ್ಣಗಿರಿಯಿಂದ ಪೂಂಗೊಡಿ ಅನ್ನೋ ಹುಡುಗೀನ ಕಟ್ಕೊಂಡು ಬಂದ. ಬೇರೆ ಜಾತಿ. ನಿಮ್ತಾತ ಪಾಪಯ್ಯ ಈ ಪದ್ಧತೀನ ಹುಟ್ಟಿಸಿದ್ದೇ ಆವತ್ತು. ಆ ಮಗು ತಲೆಗೆ ನೀರು ಹಾಕ್ಕೊಂಡು, ಅನ್ನ ಮಾಡಿ, ಹಿತ್ತಲ ಗೋಡೆ ಮೇಲೆ ಎಡೆ ಇಟ್ಟು, ತೊಟ್ಟು ನೀರೂ ಕುಡೀದೆ ಬಾಗಿಲಲ್ಲಿ ಕೈ ಮುಗ್ಕೊಂಡು ನಿಂತ್ಲು... ಕಾಗೆ ಬರ್ಲಿಲ್ಲ ಅನ್ಕೊಂಡ್ರಾ? ಬಂದ್ವು ಕಣ್ಲಾ, ಹಿಂಡುಹಿಂಡಾಗಿ ಬಂದ್ವು! ಮಾಳಿಗೆ ಮೇಲೆ ಸೌದೆ ಹೊರೆ ಹಿಂದೆ ಬಿದಿರುಕೋಲು ಹಿಡ್ಕೊಂಡು, ಹುಶ್... ಹುಶ್... ಅಂತ ಓಡಿಸ್ತಾ ಕುಂತಿದ್ದೋಳು ಯಾರು ಗೊತ್ತಾ? ನಾನೇ. ಗಂಡ ಹೇಳ್ದ, ಮಾಡ್ದೆ. ನನ್ನ ಕೈ ಸೇದೋಗ!"

ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಏನಾಯ್ತೆಂದು ಅಮುದಾ ತಮಿಳಿನಲ್ಲೇ ಕೇಳಿದಳು.

"ಹೊತ್ತು ಮುಳುಗೋಗಂಟ ನಿಂತಿದ್ದು, ಹಿರೀಕರು ನನ್ನ ಒಪ್ಪಲಿಲ್ಲ ಅಂದ್ಕೊಂಡು ಹೊರಟ್ಲು ತಾಯಿ. ಚೆನ್ನಕೇಶವ ಅಪ್ಪನ ಮುಂದೆ ಬಾಯಿ ಬಿಡ್ಲಿಲ್ಲ. ಬೀದಿ ತಿರುವಲ್ಲಿ ಅವಳು ಹಿಂತಿರುಗಿ ನೋಡಿದ್ಲು... ಮಾಳಿಗೆ ಮೇಲೆ ನಾನು, ಕೈಲಿ ಕೋಲು. ಬೆಳಿಗ್ಗೆ ಕೆರೇಲಿ ಸಿಕ್ಕಿದ್ಲು. ಚೆನ್ನಕೇಶವ ಊರೇ ಬಿಟ್ಟ. ಮುಂದಿನ ವರ್ಷ ನಾನೇ ಎಡೆ ಇಟ್ಟೆ. ಕಾಗೆ ಕೂತ್ವು, ಅನ್ನಕ್ಕೆ ಬಾಗಿದ್ವು... ಮಾಳಿಗೆ ಮೇಲಿಂದ ಹುಶ್ ಅಂತು. ಹತ್ತಿ ನೋಡಿದ್ರೆ ಯಾರಿಲ್ಲ. ಸುಡುಬಿಸಿಲಲ್ಲಿ ಸೌದೆ ಹೊರೆ ಹಿಂದೆ ಮಾತ್ರ ನೆಲ ಒದ್ದೆ. ಆವತ್ತಿಂದ ವರ್ಷವರ್ಷಾನೂ ಇದೇ. ನಿಮ್ತಾತ ಸತ್ತು ಐದು ವರ್ಷ ಆಯ್ತು, ಆವಯ್ಯಂಗೆ ಒಂದು ಅಗುಳು ಸಿಕ್ಕಿಲ್ಲ."

"ಹಾಗಾದ್ರೆ ನಾಳೇನೂ ಬರಲ್ವಾ ಅಜ್ಜಿ?" ಎಂದೆ.

"ಬತ್ತವೆ. ತನ್ನಂಗೇ ಬಂದಿರೋ ಈ ಮಗು ಇಟ್ಟ ಅನ್ನಕ್ಕೆ ಪೂಂಗೊಡಿ ಹುಶ್ ಅನ್ನಲ್ಲ. ನಿಮ್ಮಪ್ಪಂಗೂ ಅದೇ ಅನುಮಾನ." ಅಜ್ಜಿ ತಲೆಯೆತ್ತಿ ಮಾಳಿಗೆಯ ತೊಲೆಗಳನ್ನೇ ನೋಡಿದಳು. "ಆಗ್ಲೇ ಕೋಲು ಹಿಡ್ಕೊಂಡು ಮೇಲಕ್ಕೆ ಹೋದ. ನಾಳೆಗೆ ಅಂತ ಬಚ್ಚಿಟ್ಟು ಬರೋಕೆ ಎಷ್ಟೊತ್ತು ಬೇಕ್ಲಾ? ಇನ್ನೂ ಇಳಿದಿಲ್ಲ... ಓಡು ಗೋಪಿ, ಕೆಳಕ್ಕೆ ಕರಿ ಅವನ್ನ. ಸೌದೆ ಹೊರೆ ಹಿಂದೆ ಆಗ್ಲೇ ಒಬ್ಳು ಕುಂತವ್ಳೆ."